ಜನಸಂಪರ್ಕ ಸಭೆಯ ಅರ್ಜಿಗಳಿಗೆ ಹಿಂಬರಹ ಕೊಡಬೇಕಾದವರು ಯಾರು?

ಪ್ರಶ್ನೆ – ದ್ವಿತೀಯ ದರ್ಜೆ ಸಹಾಯಕಿ

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯದ ಒಂದು ನಗರದ ಪೊಲೀಸ್ ಕಮಿಷನರೇಟಿನಲ್ಲಿ, ಡಿಸಿಪಿ (ಉಪ ಪೊಲೀಸ್ ಆಯುಕ್ತರ) ಕಚೇರಿಯ ಲಿಪಿಕ ಸಿಬ್ಬಂದಿಯಾಗಿ ಕೆಲಸ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ವೇತನ ಬಿಲ್ಲು, ರಜೆ ಮಂಜೂರಾತಿ ಮತ್ತು ವೈದ್ಯಕೀಯ ವೆಚ್ಚ ಮರುಪಾವತಿಯ ಕಡತಗಳನ್ನು ನೋಡಿಕೊಳ್ಳುತ್ತಿದ್ದೆ. ಕಳೆದ ವರ್ಷದಿಂದ ಪ್ರತಿ ತಿಂಗಳ ಜನಸಂಪರ್ಕ ಸಭೆಯ ವಿಷಯ ನಿರ್ವಹಣೆ ನನ್ನ ಮೇಜಿಗೆ ಬಂದಿದೆ. ಸಭೆಯ ಸೂಚನಾ ಪತ್ರ ಹೊರಡಿಸುವುದು, ಬಂದ ಅರ್ಜಿಗಳನ್ನು ಟಪಾಲಿಗೆ ಹತ್ತಿಸುವುದು, ನಡಾವಳಿ ಬರೆಯುವುದು ಮತ್ತು ಠಾಣೆಗಳಿಂದ ಅನುಪಾಲನಾ ವರದಿ (ಏನು ಕ್ರಮವಾಯಿತೆಂಬ ವರದಿ) ತರಿಸಿಕೊಳ್ಳುವುದು ಈ ಕೆಲಸದಲ್ಲಿ ಸೇರಿವೆ. ಇದುವರೆಗೆ 11 ಸಭೆಗಳ ನಡಾವಳಿ ಬರೆದಿದ್ದೇನೆ. ಸಮವಸ್ತ್ರವಿಲ್ಲದ ನನಗೆ ಜನರನ್ನು ನೇರವಾಗಿ ನೋಡುವ ಅವಕಾಶ ಈ ಸಭೆಯಲ್ಲಿ ಮಾತ್ರ ಸಿಗುವುದರಿಂದ, ಈ ಕೆಲಸವನ್ನು ನಾನು ಪ್ರೀತಿಯಿಂದಲೇ ಮಾಡುತ್ತಿದ್ದೇನೆ.

ನನ್ನ ಪ್ರಶ್ನೆಗೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳುತ್ತೇನೆ. ಒಂದು ಬಡಾವಣೆಯ ಮಹಿಳೆಯೊಬ್ಬರು ಮೂರು ಸಭೆಗಳಿಗೆ ಬಂದು ಒಂದೇ ದೂರನ್ನು ಹೇಳಿದರು. ಬಸ್ ತಂಗುದಾಣದ ಹಿಂದಿನ ಖಾಲಿ ನಿವೇಶನದಲ್ಲಿ ಸಂಜೆಯಾದರೆ ಕೆಲವರು ಕುಳಿತು ಮದ್ಯಪಾನ ಮಾಡುತ್ತಾರೆ, ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಆ ದಾರಿ ಬಿಟ್ಟು ಸುತ್ತುಹಾಕಿ ಬರಬೇಕಾಗಿದೆ ಎಂಬುದು ಅವರ ದೂರು. ಮೂರನೆಯ ಸಲ ಅವರು ವೇದಿಕೆಯ ಮೇಲಿದ್ದ ಅಧಿಕಾರಿಗಳ ಕಡೆಗೆ ತಿರುಗದೆ, ಪಕ್ಕದ ಮೇಜಿನಲ್ಲಿ ಬರೆದುಕೊಳ್ಳುತ್ತಿದ್ದ ನನ್ನನ್ನೇ ನೋಡಿ, "ನೀವು ಪ್ರತಿಸಲವೂ ಬರೆದುಕೊಳ್ಳುತ್ತೀರಿ, ಆಮೇಲೆ ಅದು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬ ಇಚ್ಛೆಯಿತ್ತು. ನನ್ನ ಬಳಿ ಉತ್ತರವಿರಲಿಲ್ಲ.

ಕಚೇರಿಗೆ ಮರಳಿ ಕಡತ ತೆಗೆದು ನೋಡಿದಾಗ ನನಗೆ ಆಶ್ಚರ್ಯವಾಯಿತು. ಮೊದಲ ಸಭೆಯ ನಂತರವೇ ಠಾಣೆಯವರು ಆ ಜಾಗಕ್ಕೆ ಗಸ್ತು ಕಳುಹಿಸಿದ್ದರು, ಕೆಲವರ ಮೇಲೆ ಪ್ರಕರಣವನ್ನೂ ದಾಖಲಿಸಿದ್ದರು. ಆ ಜಾಗದಲ್ಲಿ ಬೀದಿದೀಪವಿಲ್ಲದಿರುವುದೇ ಮೂಲ ಕಾರಣವೆಂದು ವರದಿ ಬರೆದಿದ್ದರು. ನಮ್ಮ ಕಚೇರಿಯಿಂದ ಸ್ಥಳೀಯ ಸಂಸ್ಥೆಗೆ ಪತ್ರವೂ ಹೋಗಿತ್ತು. ಪತ್ರ ಹೋದದ್ದು ಜಾವಕ ವಹಿಯಲ್ಲಿ (ಹೊರಹೋಗುವ ಪತ್ರಗಳ ಪುಸ್ತಕದಲ್ಲಿ) ದಾಖಲಾಗಿದೆ, ಉತ್ತರ ಬಂದದ್ದು ಎಲ್ಲಿಯೂ ಇಲ್ಲ. ಇಷ್ಟೆಲ್ಲ ನಡೆದಿದ್ದರೂ ಆ ಮಹಿಳೆಗೆ ಯಾರೂ ಒಂದು ಮಾತು ತಿಳಿಸಿರಲಿಲ್ಲ. ನಮ್ಮ ನಡಾವಳಿಯ ಷರಾ ಕಾಲಂನಲ್ಲಿ ಮೂರು ತಿಂಗಳೂ "ಸೂಕ್ತ ಕ್ರಮಕ್ಕಾಗಿ ಸಂಬಂಧಿಸಿದ ಠಾಣೆಗೆ ಕಳುಹಿಸಲಾಗಿದೆ" ಎಂಬ ಒಂದೇ ವಾಕ್ಯವಿದೆ. ಅದನ್ನು ಬರೆದವಳು ನಾನೇ.

ನಾನು ಕೇಳಬೇಕೆಂದಿರುವುದು ಇಷ್ಟು. ಸಭೆಯಲ್ಲಿ ಬಂದ ಅರ್ಜಿಗೆ ಹಿಂಬರಹ, ಅಂದರೆ ಅರ್ಜಿದಾರರಿಗೆ ಲಿಖಿತ ಉತ್ತರ, ಕೊಡುವ ಹೊಣೆ ಠಾಣೆಯದೋ ಅಥವಾ ಸಭೆ ನಡೆಸಿದ ಕಚೇರಿಯದೋ? ಠಾಣೆಯವರು ನಮ್ಮ ಕಡೆಗೆ, ನಾವು ಠಾಣೆಯ ಕಡೆಗೆ ನೋಡುತ್ತಾ ಕಾಲ ಕಳೆಯುತ್ತಿದೆ. ಪೊಲೀಸ್ ಇಲಾಖೆಗೆ ಸಂಬಂಧಿಸದ ದೂರುಗಳನ್ನು, ಅಂದರೆ ದೀಪ, ರಸ್ತೆ ಗುಂಡಿ, ಬೀದಿನಾಯಿ, ಕಸ ಇಂಥವನ್ನು, ನಡಾವಳಿಯಲ್ಲಿ ಹೇಗೆ ನಿರ್ವಹಿಸಬೇಕು? ಜೊತೆಗೆ, ಸಭೆಯಲ್ಲಿ ಮಾತನಾಡಿದವರ ಹೆಸರನ್ನು ನಡಾವಳಿಯಲ್ಲಿ ಬರೆಯುವುದು ಸರಿಯೇ? ಅನುಭವವಿರುವ ಹಿರಿಯರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1 – ನಿವೃತ್ತ ಶಾಖಾಧೀಕ್ಷಕ

ತಂಗಿ, ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ನಾನು ಪೊಲೀಸ್ ಇಲಾಖೆಯ ಲಿಪಿಕ ವೃಂದದಲ್ಲಿ 33 ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ವೃಂದದ ಬಗ್ಗೆ ಹೊರಗಿನವರಿಗೆ ಹೋಗಲಿ, ಇಲಾಖೆಯ ಒಳಗಿನವರಿಗೇ ಸ್ಪಷ್ಟ ಕಲ್ಪನೆ ಇರುವುದಿಲ್ಲ. ಠಾಣೆಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಸ್ಟೇಷನ್ ರೈಟರ್ ಸಮವಸ್ತ್ರದ ಸಿಬ್ಬಂದಿ. ಆತನಿಗೆ ಅಪರಾಧ, ಆರೋಪಿ, ಮುದ್ದೆಮಾಲು, ನ್ಯಾಯಾಲಯ ಎಲ್ಲವೂ ಗೊತ್ತು. ಮೇಲಿನ ಕಚೇರಿಗಳಲ್ಲಿರುವ ನಾವು ಲೋಕಸೇವಾ ಆಯೋಗದ ಮೂಲಕ ಬಂದವರು, ಸೇವಾ ನಿಯಮ ಮತ್ತು ಕಡತ ನಿರ್ವಹಣೆ ನಮಗೆ ಗೊತ್ತು. ಜನರ ಅರ್ಜಿ ಈ ಎರಡು ಲೋಕಗಳ ನಡುವಿನ ಸಂದಿಯಲ್ಲಿ ಬೀಳುತ್ತದೆ. ನೀವು ಹೇಳಿದ ಮಹಿಳೆಯ ಅರ್ಜಿಗೆ ಆದದ್ದೂ ಅದೇ.

ಹಿಂಬರಹದ ಹೊಣೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಅರ್ಜಿಗೆ ಸ್ವೀಕೃತಿ ಕೊಟ್ಟ ಕಚೇರಿಯೇ ಹಿಂಬರಹ ಕೊಡಬೇಕು. ಕ್ರಮ ಕೈಗೊಳ್ಳುವುದು ಠಾಣೆಯ ಕೆಲಸ, ಆದರೆ ಜನ ಮಾತು ಒಪ್ಪಿಸಿದ್ದು ಡಿಸಿಪಿಯವರ ಸಭೆಯಲ್ಲಿ. ಉತ್ತರವೂ ಅಲ್ಲಿಂದಲೇ ಹೋಗಬೇಕು. ಠಾಣೆಯ ವರದಿ ಬಂದ ದಿನ ಕಡತವನ್ನು "ಓದಿ ದಾಖಲಿಸಿದೆ" ಎಂದು ಮುಚ್ಚುವ ಅಭ್ಯಾಸ ನಮ್ಮಲ್ಲಿದೆಯಲ್ಲ, ಅದನ್ನು ನಿಲ್ಲಿಸಿ. ಹಿಂಬರಹದ ಪ್ರತಿ ಕಡತದೊಳಗೆ ಬರುವವರೆಗೆ ಅದು ಬಾಕಿ ಎಂದೇ ಲೆಕ್ಕವಾಗಬೇಕು. ತಿಂಗಳ ಬಾಕಿ ಪಟ್ಟಿಯಲ್ಲಿ ಆ ಸಂಖ್ಯೆ ಕಾಣತೊಡಗಿದರೆ ಅಧಿಕಾರಿಗಳು ತಾವಾಗಿಯೇ ಕೇಳುತ್ತಾರೆ. ಸಾಹೇಬರ ಮುಂದೆ ವಾದ ಮಾಡುವ ಅಗತ್ಯ ನಿಮಗೆ ಬರುವುದಿಲ್ಲ.

ಎರಡನೆಯದಾಗಿ, ಅರ್ಜಿಗಳನ್ನು ಸಭೆಯ ದಿನವೇ ವಿಂಗಡಿಸಿ, ಮರುದಿನಕ್ಕೆ ಬಿಡಬೇಡಿ. ಸಂಜ್ಞೇಯ ಅಪರಾಧದ, ಅಂದರೆ ನ್ಯಾಯಾಲಯದ ಆದೇಶಕ್ಕೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧದ, ಸಂಗತಿ ಅರ್ಜಿಯಲ್ಲಿದ್ದರೆ ಅದು ಜನಸಂಪರ್ಕ ಸಭೆಯ ಅರ್ಜಿಯಾಗಿ ಉಳಿಯಲೇಬಾರದು, ಅದೇ ದಿನ ಠಾಣೆಯಲ್ಲಿ ಎಫ್‌ಐಆರ್ ಆಗಬೇಕು. 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಸ್ಪಷ್ಟಪಡಿಸಿದೆ. ಅಸಂಜ್ಞೇಯ ಸ್ವರೂಪದ್ದಾದರೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ದಾಖಲಿಸಿ, ಮ್ಯಾಜಿಸ್ಟ್ರೇಟರ ಬಳಿ ಹೋಗಲು ತಿಳಿಸಬೇಕು. ಇವೆರಡೂ ಅಲ್ಲದ, ಗಸ್ತು, ಸಂಚಾರ, ಧ್ವನಿವರ್ಧಕ, ಪಾರ್ಕಿಂಗ್ ಮುಂತಾದವು ಮಾತ್ರ ನಿಮ್ಮ ವಹಿಯಲ್ಲಿ ಉಳಿಯುವ ವಿಷಯಗಳು. ಒಮ್ಮೆ ನಾನಿದ್ದ ಕಚೇರಿಯೊಂದರಲ್ಲಿ ಸರಗಳ್ಳತನದ ದೂರೊಂದು ಸಭೆಯ ಅರ್ಜಿಗಳ ಕಟ್ಟಿನಲ್ಲಿ ಸೇರಿ ಹದಿನೇಳು ದಿನ ಮೇಜಿನ ಮೇಲೆಯೇ ಉಳಿದಿತ್ತು. ಅರ್ಜಿ ಕೊಟ್ಟ ಅಜ್ಜಿ ತಾನು ದೂರು ಕೊಟ್ಟಾಯಿತೆಂದು ನಂಬಿ ಮನೆಯಲ್ಲಿ ಕಾಯುತ್ತಿದ್ದರು. ವಿಂಗಡಿಸಬೇಕಾಗಿದ್ದವನು ನಾನು. ಅದನ್ನು ನೆನೆದರೆ ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ.

ಬೇರೆ ಇಲಾಖೆಗೆ ಸೇರಿದ ವಿಷಯಗಳಿಗೆ ನಮ್ಮ ಮುಂದೆ ಒಳ್ಳೆಯ ಮಾದರಿ ಆಗಲೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 6(3)ನೇ ಪ್ರಕರಣದ ಪ್ರಕಾರ, ತನಗೆ ಸಂಬಂಧಿಸದ ಅರ್ಜಿಯನ್ನು ಐದು ದಿನಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರ್ಗಾಯಿಸಬೇಕು ಮತ್ತು ವರ್ಗಾಯಿಸಿದ ವಿಷಯವನ್ನು ಅರ್ಜಿದಾರರಿಗೆ ತಿಳಿಸಬೇಕು. ಸಭೆಯ ಅರ್ಜಿಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಆದರೂ ಆ ಪದ್ಧತಿಯನ್ನು ನೀವು ಅನುಸರಿಸಲು ಯಾವ ಅಡ್ಡಿಯೂ ಇಲ್ಲ. ಪತ್ರವನ್ನು ಕಚೇರಿಯ ವಿಳಾಸಕ್ಕಷ್ಟೇ ಬರೆಯದೆ ಆ ವಾರ್ಡಿನ ಎಂಜಿನಿಯರರ ಹುದ್ದೆಯನ್ನು ನಮೂದಿಸಿ ಬರೆಯಿರಿ, ಪ್ರತಿಯನ್ನು ಅರ್ಜಿದಾರರಿಗೂ ಕಳುಹಿಸಿ. ಆಗ ಆ ಮಹಿಳೆ ಪತ್ರದ ಸಂಖ್ಯೆ ಹಿಡಿದು ತಾವೇ ಹೋಗಿ ವಿಚಾರಿಸಬಲ್ಲರು. ದಿನಾಂಕವಿರುವ ಒಂದು ಕಾಗದ ಕೈಯಲ್ಲಿದ್ದರೆ ಸಾಮಾನ್ಯ ಮನುಷ್ಯನ ಮಾತಿಗೆ ಎಷ್ಟು ತೂಕ ಬರುತ್ತದೆ ಎಂಬುದನ್ನು ನಾನು 2012ರಲ್ಲಿ, ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಕೊಡುವ ಸಕಾಲ ಯೋಜನೆ ಜಾರಿಯಾದಾಗ ಕಣ್ಣಾರೆ ಕಂಡಿದ್ದೇನೆ. ಸ್ವೀಕೃತಿಯ ಮೇಲೆ ವಿಲೇವಾರಿಯ ದಿನಾಂಕ ಅಚ್ಚಾಗತೊಡಗಿದ ಮೇಲೆ, ಅದೇ ಸಿಬ್ಬಂದಿ, ಅದೇ ಕುರ್ಚಿ, ಅದೇ ಕಡತಗಳಿದ್ದರೂ ಪೊಲೀಸ್ ಪರಿಶೀಲನಾ ಪತ್ರದಂಥ ಕೆಲಸಗಳು ಚುರುಕಾದವು.

ಹಿಂಬರಹದ ಭಾಷೆಯ ಬಗ್ಗೆಯೂ ಹೇಳಬೇಕು. "ಸೂಕ್ತ ಕ್ರಮ", "ನಿಯಮಾನುಸಾರ", "ಮುಂದಿನ ಕ್ರಮಕ್ಕಾಗಿ" ಎಂಬ ಪದಗಳನ್ನು ಬಿಟ್ಟು ಬರೆಯಲು ಪ್ರಯತ್ನಿಸಿ. ಯಾವ ದಿನ ಯಾರು ಹೋದರು, ಏನು ಕಂಡರು, ಏನು ಮಾಡಿದರು, ಏನು ಉಳಿದಿದೆ ಎಂಬುದನ್ನು ಮೂರು ನಾಲ್ಕು ಸಾಲುಗಳಲ್ಲಿ, ಓದು ಕಡಿಮೆ ಇರುವವರಿಗೂ ಅರ್ಥವಾಗುವಂತೆ ಬರೆಯಿರಿ. ಇದು ಕಾಣುವಷ್ಟು ಸುಲಭವಲ್ಲ. ನನಗೆ ಇದನ್ನು ಕಲಿಯಲು ಹತ್ತು ವರ್ಷ ಬೇಕಾಯಿತು.

ಉತ್ತರ 2 – ಬೀಟ್ ಮುಖ್ಯ ಪೇದೆ

ನಮಸ್ಕಾರ ಮೇಡಂ. ನಾನು ನಗರ ಠಾಣೆಯೊಂದರಲ್ಲಿ ಮಹಿಳಾ ಹೆಡ್ ಕಾನ್‌ಸ್ಟೆಬಲ್. ನಿವೃತ್ತ ಅಧೀಕ್ಷಕರು ಹೇಳಿದ್ದನ್ನು ಒಪ್ಪುತ್ತೇನೆ. ಜೊತೆಗೆ ಠಾಣೆಯ ಕಡೆಯ ಸ್ಥಿತಿಯೂ ನಿಮಗೆ ತಿಳಿದಿರಲಿ.

2017ರಲ್ಲಿ ರಾಜ್ಯದಲ್ಲಿ ಹೊಸ ಬೀಟ್ ವ್ಯವಸ್ಥೆ ಬಂದಾಗ ಠಾಣೆಯ ಪ್ರತಿಯೊಬ್ಬ ಸಿಬ್ಬಂದಿಗೂ ಒಂದೊಂದು ಪ್ರದೇಶದ ಹೊಣೆ ಕೊಡಲಾಯಿತು. ಆ ಪ್ರದೇಶದ ಜನರಿಗೆ ನಮ್ಮ ಮುಖ ಗೊತ್ತಿರಬೇಕು, ನಮಗೆ ಅವರ ಬೀದಿ ಗೊತ್ತಿರಬೇಕು ಎಂಬುದು ಅದರ ಆಶಯ. ನನ್ನ ಅನುಭವದಲ್ಲಿ ಅದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಆದರೆ ಬೀಟಿನ ಕೆಲಸ ಮಾಡುವ ನಾವೇ ಬಂದೋಬಸ್ತಿಗೂ ಹೋಗುತ್ತೇವೆ, ಸಮನ್ಸ್ ವಾರಂಟ್ ಜಾರಿಗೂ ಹೋಗುತ್ತೇವೆ, ನ್ಯಾಯಾಲಯದ ಕರ್ತವ್ಯವನ್ನೂ ಮಾಡುತ್ತೇವೆ, ಪಾಸ್‌ಪೋರ್ಟ್ ಪರಿಶೀಲನೆಗೂ ಮನೆಮನೆ ಅಲೆಯುತ್ತೇವೆ. ಗಣೇಶ ಹಬ್ಬದ ಸಮಯದಲ್ಲಿ ಹದಿನೈದು ದಿನ ಬೀಟ್ ಪುಸ್ತಕ ತೆರೆಯಲೂ ಆಗುವುದಿಲ್ಲ. ಇಂಥ ಹೊತ್ತಿನಲ್ಲಿ ಮೇಲಿನ ಕಚೇರಿಯಿಂದ ಒಂದೇ ಅಂಕಿಅಂಶವನ್ನು ನಾಲ್ಕು ಬೇರೆ ಬೇರೆ ನಮೂನೆಗಳಲ್ಲಿ ಕೇಳುತ್ತಾರೆ. ಜನಸಂಪರ್ಕ ಸಭೆಗೊಂದು, ಬೀಟ್ ಸಭೆಗೊಂದು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕುಂದುಕೊರತೆ ಸಭೆಗೊಂದು, ಶಾಲಾ ಜಾಗೃತಿ ಕಾರ್ಯಕ್ರಮಕ್ಕೊಂದು. ಇದರ ಮೇಲೆ ಪ್ರತಿಯೊಂದಕ್ಕೂ ಫೋಟೊ ಬೇಕು. ಫೋಟೊ ಕಳುಹಿಸಿದರೆ ಕೆಲಸ ಮುಗಿಯಿತೆಂದು ನಾವೂ ಅಂದುಕೊಳ್ಳುತ್ತೇವೆ, ಸ್ವೀಕರಿಸಿದವರೂ ಅಂದುಕೊಳ್ಳುತ್ತಾರೆ. ನಿಮ್ಮ ಕೈಯಲ್ಲಿ ಸಾಧ್ಯವಾದರೆ ಈ ನಾಲ್ಕನ್ನೂ ಒಂದೇ ವಹಿಗೆ ತನ್ನಿ ಮೇಡಂ. ಅದರಿಂದ ನನಗೆ ವಾರಕ್ಕೆ ಅರ್ಧ ದಿನ ಉಳಿಯುತ್ತದೆ, ಆ ಅರ್ಧ ದಿನ ನಾನು ಬೀದಿಯಲ್ಲಿರಬಹುದು.

ಹೆಸರಿನ ವಿಷಯ ನೀವು ಕೇಳಿದ್ದು ಬಹಳ ಮುಖ್ಯ. ನನಗೆ ಗೊತ್ತಿರುವ ಒಂದು ಕಡೆ, ಸಭೆಯಲ್ಲಿ ಒಬ್ಬ ಹುಡುಗ ತನ್ನ ಓಣಿಯಲ್ಲಿ ಗಾಂಜಾ ಮಾರಾಟವಾಗುತ್ತಿದೆಯೆಂದು ಎದ್ದು ನಿಂತು ಹೇಳಿದ. ನಡಾವಳಿಯಲ್ಲಿ ಅವನ ಹೆಸರು, ಮನೆಯ ವಿಳಾಸ, ಮೊಬೈಲ್ ಸಂಖ್ಯೆ ಎಲ್ಲವನ್ನೂ ಬರೆದು, ಪ್ರತಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದರು. ಆ ಗುಂಪಿನಲ್ಲಿ ಠಾಣೆಯವರಲ್ಲದೆ ಬಡಾವಣೆಯ ಹಲವರೂ ಇದ್ದರು. ನಾಲ್ಕು ದಿನಗಳೊಳಗೆ ಆ ಹುಡುಗನ ಮನೆಯ ಮುಂದೆ ಬಂದು ಬೆದರಿಸಿ ಹೋದರು. ಅವನ ತಾಯಿ ಠಾಣೆಗೆ ಬಂದು ಅತ್ತದ್ದು ನನ್ನ ಕಣ್ಣ ಮುಂದೆಯೇ ಇದೆ. ಆ ಓಣಿಯಿಂದ ನಮಗೆ ಆಮೇಲೆ ಎರಡು ವರ್ಷ ಯಾರೂ ಒಂದು ಮಾಹಿತಿಯನ್ನೂ ಕೊಡಲಿಲ್ಲ. ಅದಕ್ಕೇ ಹೇಳುತ್ತೇನೆ, ನಡಾವಳಿಯಲ್ಲಿ ಅರ್ಜಿಯ ಸಂಖ್ಯೆ ಮಾತ್ರ ಇರಲಿ. ಹೆಸರು ಮತ್ತು ವಿಳಾಸ ನಿಮ್ಮ ಬೀರುವಿನಲ್ಲಿರುವ ಪ್ರತ್ಯೇಕ ವಹಿಯಲ್ಲಿರಲಿ.

ಇನ್ನೊಂದು ವಿಷಯವನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳಲ್ಲಿ, ಪ್ರತಿ ಠಾಣೆಯೂ ತನ್ನ ವ್ಯಾಪ್ತಿಯ ಹಿರಿಯ ನಾಗರಿಕರ, ಅದರಲ್ಲೂ ಒಂಟಿಯಾಗಿ ವಾಸಿಸುವವರ ಪಟ್ಟಿ ಇಡಬೇಕು, ತಿಂಗಳಿಗೆ ಒಮ್ಮೆಯಾದರೂ ಸಾಧ್ಯವಾದಷ್ಟು ಮಟ್ಟಿಗೆ ಸಮಾಜ ಕಾರ್ಯಕರ್ತರನ್ನೋ ಸ್ವಯಂಸೇವಕರನ್ನೋ ಜೊತೆಗೆ ಕರೆದುಕೊಂಡು ಹೋಗಿ ಅವರನ್ನು ಭೇಟಿ ಮಾಡಬೇಕು ಎಂದಿದೆ. ನನ್ನ ಬೀಟಿನಲ್ಲಿ ಅಂಥ ಪಟ್ಟಿಯೊಂದು ನನಗೆ ಹಿಂದಿನವರಿಂದ ಬಂತು. ಪಟ್ಟಿಯಲ್ಲಿದ್ದ ಒಬ್ಬ ಹಿರಿಯರಿಗೆ ಫೋನ್ ಮಾಡಿ, "ಅಜ್ಜ, ಹೇಗಿದ್ದೀರಿ, ನಾಳೆ ಮನೆಗೆ ಬರುತ್ತೇನೆ" ಎಂದೆ. ಫೋನ್ ತೆಗೆದವರು ಅವರ ಮಗಳು. ತಂದೆ ತೀರಿಕೊಂಡು ಎಂಟು ತಿಂಗಳಾಯಿತೆಂದು ಹೇಳಿದರು. ಆ ಎಂಟು ತಿಂಗಳೂ ನಮ್ಮ ಠಾಣೆಯ ಮಾಸಿಕ ವರದಿಯಲ್ಲಿ ಅವರನ್ನು ಭೇಟಿ ಮಾಡಿದ್ದಾಗಿ ಹೋಗಿತ್ತು. ಅಂದಿನಿಂದ ನಾನು ಪಟ್ಟಿಯನ್ನು ಪ್ರತಿ ತಿಂಗಳು ಕೈಯಾರೆ ತಿದ್ದುತ್ತೇನೆ, ಭೇಟಿಯಾಗದಿದ್ದರೆ ಆಗಿಲ್ಲವೆಂದೇ ಬರೆಯುತ್ತೇನೆ. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮ ಆರಂಭವಾದ ಮೇಲೆ ಹೊಸ ಮಾಹಿತಿ ಸಂಗ್ರಹವಾಗುತ್ತಿದೆ. ಆ ಕಾಗದಗಳೂ ಮುಂದೆ ಹಳೆಯದಾಗದಂತೆ ನೋಡಿಕೊಳ್ಳುವವರು ಕಚೇರಿಯಲ್ಲಿ ಯಾರಾದರೂ ಇರಬೇಕು. ಠಾಣೆಯವರು ಎರಡು ಮೂರು ವರ್ಷಕ್ಕೆ ವರ್ಗವಾಗುತ್ತೇವೆ, ವಹಿ ಮಾತ್ರ ಅಲ್ಲೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಜ್ಜನ ವಿಷಯ ಓದಿದ ಮೇಲೆ ನಮ್ಮ ವಿಭಾಗದ ಠಾಣೆಗಳಿಂದ ಬಂದ ಹಿರಿಯ ನಾಗರಿಕರ ಪಟ್ಟಿಗಳನ್ನು ತೆಗೆದು ನೋಡಿದೆ. ಒಂದು ಠಾಣೆಯ ಪಟ್ಟಿ ಕಳೆದ ಏಳು ತಿಂಗಳಿನಿಂದ ಒಂದು ಅಕ್ಷರವೂ ಬದಲಾಗದೆ ಬರುತ್ತಿದೆ. ಅದನ್ನು ಅಧಿಕಾರಿಗಳ ಗಮನಕ್ಕೆ ತರಲು ಟಿಪ್ಪಣಿ ಮಂಡಿಸಿದ್ದೇನೆ.

ನನಗೆ ಇನ್ನೊಂದು ಸಂದೇಹವಿದೆ. ಸಭೆಗೆ ಬರುವವರು ಹೆಚ್ಚಾಗಿ ಅವರವರೇ. ಹನ್ನೊಂದು ಸಭೆಗಳ ಹಾಜರಾತಿ ವಹಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಸಹಿಗಳು ಮರುಕಳಿಸುತ್ತವೆ. ಬಾರದವರನ್ನು ತಲುಪುವುದು ಹೇಗೆ? ಆ ಬಗ್ಗೆ ನಮ್ಮ ಕಚೇರಿಯ ಕಡೆಯಿಂದ ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ 3 – ಬೆಂಗಳೂರಿನ ನಿವಾಸಿಗಳ ಸಂಘವೊಂದರ ಕಾರ್ಯದರ್ಶಿ

ಮೇಡಂ, ಮರುಕಳಿಸುವ ಸಹಿಗಳಲ್ಲಿ ನನ್ನಂಥವರ ಸಹಿಯೂ ಇರುತ್ತದೆ. ಬ್ಯಾಂಕಿನಿಂದ ನಿವೃತ್ತನಾದ ನನಗೆ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆಗೆ ಹೋಗಲು ಸಮಯವಿದೆ. ನಮ್ಮ ಬಡಾವಣೆಯ ಅಂಚಿನಲ್ಲಿ ತಗಡಿನ ಶೆಡ್ಡುಗಳಲ್ಲಿ ವಾಸಿಸುವ, ಯಾದಗಿರಿ ಮತ್ತು ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿಗೆ ಆ ಸಮಯವಿಲ್ಲ. ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳಿಗೂ ಶನಿವಾರ ಕೆಲಸದ ದಿನ. ಪಿಜಿಗಳಲ್ಲಿರುವ ಯುವತಿಯರಿಗೆ ಸಭೆ ನಡೆಯುವ ಸುದ್ದಿಯೇ ತಲುಪುವುದಿಲ್ಲ. ಹಾಗಾಗಿ ನಾವು ಪಾರ್ಕಿಂಗ್ ಬಗ್ಗೆ ಮಾತನಾಡಿ ಚಹಾ ಕುಡಿದು ಬರುತ್ತೇವೆ. ರಾತ್ರಿ ಪಾಳಿ ಮುಗಿಸಿ ನಡೆದು ಬರುವವರ ಭಯ ಆ ಸಭೆಯಲ್ಲಿ ಪ್ರಸ್ತಾಪವಾಗುವುದೇ ಇಲ್ಲ. ಇದನ್ನು ನಾನು ಆತ್ಮವಿಮರ್ಶೆಯಾಗಿಯೇ ಹೇಳುತ್ತಿದ್ದೇನೆ.

ನಿಮ್ಮ ಕಚೇರಿಯಿಂದ ಆಗಬಹುದಾದ ಕೆಲಸ ಖಂಡಿತ ಇದೆ. ಸಭೆಯ ಸೂಚನಾ ಪತ್ರ ತಯಾರಿಸುವವರು ನೀವೇ ಅಲ್ಲವೇ? ಮೂರು ತಿಂಗಳಿಗೊಂದು ಸಭೆಯನ್ನು ಭಾನುವಾರ ಸಂಜೆ ಶೆಡ್ಡುಗಳ ಬಳಿಯಲ್ಲೋ, ಕಾರ್ಖಾನೆಯ ಊಟದ ವಿರಾಮದಲ್ಲೋ ನಡೆಸುವಂತೆ ಟಿಪ್ಪಣಿಯಲ್ಲಿ ಸೂಚಿಸಬಹುದು. ಹಾಜರಾತಿ ವಹಿಯಲ್ಲಿ ಸಹಿ ಬಾರದವರಿಗೆ ಹೆಬ್ಬೆಟ್ಟು ಒತ್ತಿಸುವ ಮುಜುಗರವನ್ನೂ ತಪ್ಪಿಸಿ, ಎಷ್ಟು ಜನ ಬಂದರೆಂಬ ಲೆಕ್ಕ ಸಾಕು.

ಪೊಲೀಸರ ಮುಂದೆ ನೇರವಾಗಿ ಬಾಯಿಬಿಡಲಾರದವರಿಗೆ ಬೆಂಗಳೂರಿನಲ್ಲಿ ಹಿಂದೆಯೇ ಒಂದು ದಾರಿ ಕಂಡುಕೊಂಡಿದ್ದರು. 1999ರಲ್ಲಿ ಪೊಲೀಸ್ ಆಯುಕ್ತರ ಕಚೇರಿಯ ಆವರಣದಲ್ಲಿ ವನಿತಾ ಸಹಾಯವಾಣಿ ಶುರುವಾಯಿತು. 2002ರಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಸೇರಿ ಹಿರಿಯರ ಸಹಾಯವಾಣಿಯನ್ನು ಆರಂಭಿಸಿದರು, ಅದರ ಸಂಖ್ಯೆ 1090. ಇವುಗಳಲ್ಲಿ ಕುಳಿತು ಕಷ್ಟ ಕೇಳುವವರು ಸಮವಸ್ತ್ರವಿಲ್ಲದ ಆಪ್ತಸಮಾಲೋಚಕರು. ಆದರೆ ಅವರ ಬೆನ್ನಿಗೆ ಇಲಾಖೆಯಿದೆ ಎಂಬುದು ಎದುರು ಪಕ್ಷದವರಿಗೆ ಗೊತ್ತಿರುತ್ತದೆ. ನನ್ನ ಪರಿಚಯದ ವೃದ್ಧೆಯೊಬ್ಬರು ಮಗನ ಮೇಲೆ ಠಾಣೆಯಲ್ಲಿ ದೂರು ಕೊಡಲು ಸುತಾರಾಂ ಒಪ್ಪಲಿಲ್ಲ, ಸಹಾಯವಾಣಿಯವರ ಮುಂದೆ ಎರಡು ಗಂಟೆ ಮಾತನಾಡಿದರು. ಆಮೇಲೆ ಮಗನನ್ನು ಕರೆಸಿ ಮಾತನಾಡಿಸಿದರು, ಔಷಧಿಯ ಖರ್ಚಿನ ವಿಷಯ ಇತ್ಯರ್ಥವಾಯಿತು. ಸಮವಸ್ತ್ರವಿಲ್ಲದಿರುವುದನ್ನು ನೀವು ಕೊರತೆಯೆಂಬಂತೆ ಬರೆದಿದ್ದೀರಿ. ಆ ಮಹಿಳೆ ವೇದಿಕೆಯನ್ನು ಬಿಟ್ಟು ನಿಮ್ಮನ್ನು ಕೇಳಿದ್ದು ಆ ಕಾರಣಕ್ಕೇ ಇರಬಹುದು.

ಉತ್ತರ 4 – ವಕೀಲ

ಕಾನೂನಿನ ಕೆಲವು ಅಂಶಗಳನ್ನಷ್ಟೇ ಸೇರಿಸುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193(3)ನೇ ಪ್ರಕರಣದ ಪ್ರಕಾರ, ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಮಾಹಿತಿದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು, ವಿದ್ಯುನ್ಮಾನ ಸಂದೇಶದ ಮೂಲಕವೂ ತಿಳಿಸಬಹುದು. ಆದ್ದರಿಂದ ಎಫ್‌ಐಆರ್ ಆದ ವಿಷಯಗಳಲ್ಲಿ ದೂರುದಾರರಿಗೆ ತಿಳಿಸುವುದು ಈಗ ಸೌಜನ್ಯದ ಮಾತಾಗಿ ಉಳಿದಿಲ್ಲ, ಅದು ಕಾನೂನಿನ ಕರ್ತವ್ಯ. ನಿಮ್ಮ ವಹಿಯಲ್ಲಿ ಎಫ್‌ಐಆರ್‌ಗೆ ವರ್ಗವಾದ ಅರ್ಜಿಗಳ ಎದುರು 90ನೇ ದಿನದ ದಿನಾಂಕವನ್ನು ಮೊದಲೇ ಬರೆದಿಡಿ.

ಹೆಸರಿನ ವಿಷಯದಲ್ಲಿ, ಲೈಂಗಿಕ ಅಪರಾಧಗಳ ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಪ್ರಕರಣದಡಿ ಶಿಕ್ಷಾರ್ಹ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಪ್ರಕರಣ ಮತ್ತು ಬಾಲನ್ಯಾಯ ಕಾಯ್ದೆಯ 74ನೇ ಪ್ರಕರಣ ಇನ್ನೂ ಕಟ್ಟುನಿಟ್ಟಾಗಿವೆ. ಉಳಿದ ದೂರುಗಳಲ್ಲಿ ಇಂಥ ನೇರ ನಿಷೇಧವಿಲ್ಲದಿದ್ದರೂ ಮುಖ್ಯ ಪೇದೆಯವರು ಹೇಳಿದ ಪದ್ಧತಿಯೇ ಸುರಕ್ಷಿತ.

ಕೊನೆಯದಾಗಿ ಒಂದು ಕೋರಿಕೆ. "ಇದು ಸಿವಿಲ್ ಸ್ವರೂಪದ ವಿಷಯವಾಗಿದ್ದು, ನ್ಯಾಯಾಲಯದಲ್ಲಿ ಪರಿಹಾರ ಪಡೆದುಕೊಳ್ಳುವುದು" ಎಂಬ ಅಚ್ಚಾದ ಹಿಂಬರಹಗಳನ್ನು ನನ್ನ ಕಕ್ಷಿದಾರರು ವಾರಕ್ಕೊಂದಾದರೂ ತಂದು ತೋರಿಸುತ್ತಾರೆ. ಕೆಲವು ನಿಜವಾಗಿಯೂ ಸಿವಿಲ್ ವ್ಯಾಜ್ಯಗಳೇ. ಆದರೆ ಜಮೀನಿನ ತಕರಾರಿನ ನಡುವೆ ಹಲ್ಲೆ ನಡೆದಿದ್ದರೂ ಇದೇ ಹಿಂಬರಹ ಬಂದಿರುತ್ತದೆ. ಠಾಣೆಯಿಂದ ಇಂಥ ಒಕ್ಕಣೆ ಬಂದರೆ ಮೂಲ ಅರ್ಜಿಯನ್ನು ಇನ್ನೊಮ್ಮೆ ಓದಿ, ಹೊಂದದಿದ್ದರೆ ಅಧಿಕಾರಿಗಳಿಗೆ ಟಿಪ್ಪಣಿ ಮಂಡಿಸಿ. ಆ ಅಧಿಕಾರ ಲಿಪಿಕ ಸಿಬ್ಬಂದಿಗೆ ಇದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರ ಉತ್ತರಗಳನ್ನೂ ಮುದ್ರಿಸಿ ಕಡತದ ಒಳಪುಟಕ್ಕೆ ಅಂಟಿಸಿಕೊಂಡಿದ್ದೇನೆ. ಮುಂದಿನ ತಿಂಗಳಿಂದ ನಡಾವಳಿಯಲ್ಲಿ ಅರ್ಜಿಯ ಸಂಖ್ಯೆ ಮಾತ್ರ ಇರುತ್ತದೆ, ಹಿಂಬರಹದ ದಿನಾಂಕಕ್ಕೆ ಪ್ರತ್ಯೇಕ ಕಾಲಂ ಇರುತ್ತದೆ. ನಮೂನೆಗಳನ್ನು ಒಂದು ಮಾಡುವ ಪ್ರಸ್ತಾವ ಆಡಳಿತ ಶಾಖೆಗೆ ಹೋಗಿದೆ. ಭಾನುವಾರದ ಸಭೆಯ ಟಿಪ್ಪಣಿಗೆ "ಚರ್ಚಿಸಿ" ಎಂದು ಬರೆದು ಹಿಂದಿರುಗಿಸಿದ್ದಾರೆ. ಇಲ್ಲ ಎಂದಿಲ್ಲ, ಹಾಗಾಗಿ ಮತ್ತೆ ಮಂಡಿಸುತ್ತೇನೆ.

ಆ ಮಹಿಳೆಗೆ ಕಳುಹಿಸಬೇಕೆಂದಿರುವ ಹಿಂಬರಹದ ಕರಡು ಹೀಗಿದೆ: "ತಾವು ಮೂರು ಸಭೆಗಳಲ್ಲಿ ತಿಳಿಸಿದ ಬಸ್ ತಂಗುದಾಣದ ಹಿಂದಿನ ಜಾಗಕ್ಕೆ ಠಾಣೆಯ ಸಿಬ್ಬಂದಿ ಸಂಜೆ ಗಸ್ತು ಹೋಗುತ್ತಿದ್ದಾರೆ ಮತ್ತು ಅಲ್ಲಿ ಮದ್ಯಪಾನ ಮಾಡುತ್ತಿದ್ದವರ ಮೇಲೆ ಪ್ರಕರಣ ದಾಖಲಿಸಿದ್ದಾರೆ. ಬೀದಿದೀಪ ಅಳವಡಿಸುವಂತೆ ವಾರ್ಡಿನ ಎಂಜಿನಿಯರರಿಗೆ ಪುನಃ ಪತ್ರ ಬರೆಯಲಾಗಿದೆ, ಅದರ ಪ್ರತಿಯನ್ನು ಲಗತ್ತಿಸಿದೆ. ದೀಪ ಇನ್ನೂ ಬಂದಿಲ್ಲ. ಈ ಮಾಹಿತಿಯನ್ನು ಮೊದಲ ತಿಂಗಳೇ ತಮಗೆ ತಿಳಿಸಬೇಕಾಗಿತ್ತು, ತಿಳಿಸದಿದ್ದುದಕ್ಕೆ ವಿಷಾದಿಸುತ್ತೇವೆ." ಕೊನೆಯ ವಾಕ್ಯವನ್ನು ಅಧಿಕಾರಿಗಳು ಉಳಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಉಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ 1ರ ನಿವೃತ್ತ ಶಾಖಾಧೀಕ್ಷಕರಿಂದ

ಕರಡು ಚೆನ್ನಾಗಿದೆ ತಂಗಿ. ಗಸ್ತು ಹೋದ ದಿನಾಂಕಗಳನ್ನೂ, ಎಂಜಿನಿಯರರಿಗೆ ಬರೆದ ಪತ್ರದ ಸಂಖ್ಯೆಯನ್ನೂ ಸೇರಿಸಿ. ದೀಪದ ಕಡತವನ್ನು ಮುಚ್ಚಬೇಡಿ.